ಮೂರು ದಿನದ ಮ್ಯಾಂಚೆಸ್ಟರ್

ಈ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯವರದೊಂದು ಲೇಖನವು ತಪ್ಪದೆ ಇರಬೇಕೆಂದು ಸಂಪಾದಕ ಮಂಡಲಿಯ ಹುಡುಗಿಯರು ಕೇಳಿಕೊಂಡಿದ್ದಾರೆ. ವಿಷಯವನ್ನು ಆರಿಸುವ ಸ್ವಾತಂತ್ರ್ಯವನ್ನು ನಮಗೇ ಬಿಟ್ಟಿರುವದರಿಂದ, ಕೆಲವು ತಿಂಗಳುಗಳಿಂದ ನಮ್ಮ ಮನಸ್ಸನ್ನು ತುಂಬಿಕೊಂಡಿರುವ ಸಂಗತಿಯನ್ನೇ ಇಲ್ಲಿ ಬರೆಯುತ್ತೇವೆ. ಬರುವ ಮೇ ತಿಂಗಳ ರಜೆಯಲ್ಲಿ ನಾವು ಮೂವರು ಇಂಗ್ಲಂಡಿಗೆ ಹೋಗುವವರಿದ್ದೇವೆ. ಲಂಡನ್ನಿನಲ್ಲಿ ಶಿಕ್ಷಕರ ಸಭೆಯೊಂದು ನಾಲ್ಕು ದಿವಸ ಕೂಡುವದು. ಅದು ಮುಗಿದ ಮೇಲೆ ಊರಿಗೆ ಹಿಂದಿರುಗುವದಕ್ಕೆ ಮೊದಲು ಮೂರು ದಿನಗಳ ಅವಕಾಶವು ಉಳಿಯುತ್ತದೆ. ಆ ಮೂರು ಹಗಲು, ಎರಡು ರಾತ್ರಿಗಳನ್ನು ಉತ್ತರ ಇಂಗ್ಲಂಡಿನ ಮ್ಯಾಂಚೆಸ್ಟರ್ ಪಟ್ಟಣದಲ್ಲಿ ಕಳೆದು, ಅಲ್ಲಿಯ ವಿಮಾನ ನಿಲ್ದಾಣದಿಂದಲೇ ಹೊರಡುವದೆಂದು ನಿಶ್ಚಯಿಸಿದ್ದೇವೆ. ಹೋಗಿ ಬಂದ ಮೇಲೆ ಬರೆಯುವ ಪ್ರವಾಸ ಕಥನಗಳು ಬಹಳ ಉಂಟು. ಹೋಗುವದಕ್ಕೆ ಮುಂಚೆ ಮಾಡುವ ಯೋಚನೆಯನ್ನು ಬರೆದವರು ಕಡಿಮೆ. ಆದರೂ ಕಲಿಯತಕ್ಕದ್ದರಲ್ಲಿ ಅರ್ಧಪಾಲು ಆ ಯೋಚನೆಯಲ್ಲಿಯೇ ಇರುವದೆಂದು ನಮಗೆ ಈಗ ತೋರುತ್ತದೆ.

ಮೂವರೆಂದರೆ ಯಾರೆಂಬದನ್ನು ಮೊದಲು ತಿಳಿಸಬೇಕು. ಒಬ್ಬರು ನಾವು. ಎರಡನೆಯವರು, ಈ ಶಾಲೆಯಲ್ಲಿ ಮೂವತ್ತನಾಲ್ಕು ವರುಷ ಹೊಲಿಗೆಯನ್ನು ಕಲಿಸಿ ವಿಶ್ರಾಂತಿ ಪಡೆದಿರುವ ಅಕ್ಕನವರು. ನಮ್ಮ ಕೈಗೆ ಮೊದಲು ಸೂಜಿಯನ್ನು ಕೊಟ್ಟವರೂ ಅವರೇ. ಅವರಿಗೆ ಈಗ ಎಪ್ಪತ್ತೊಂದು ವಯಸ್ಸು. ಕಣ್ಣು ಚೆನ್ನಾಗಿದೆ, ಮೊಣಕಾಲು ಮಾತ್ರ ಮಾತು ಕೇಳುವದಿಲ್ಲ. ಮೂರನೆಯವಳು ನಮ್ಮ ವ್ಯಾಯಾಮದ ಉಪಾಧ್ಯಾಯಿನಿ, ಇದೇ ಶಾಲೆಯ ಹಳೆಯ ವಿದ್ಯಾರ್ಥಿನಿ, ಇಪ್ಪತ್ತೆಂಟು ವರುಷದವಳು. ಶಾಲೆಯ ಹಣದಲ್ಲಿ ಒಂದು ರೂಪಾಯಿಯನ್ನೂ ಮುಟ್ಟದೆ, ಮೂವರೂ ತಮ್ಮ ತಮ್ಮ ಉಳಿತಾಯದಿಂದಲೇ ಹೊರಟಿದ್ದೇವೆ. ಅಕ್ಕನವರು ತಮ್ಮ ಪಾಲಿನ ಹಣವನ್ನು ಎಣಿಸಿ ಕೊಡುವಾಗ, ‘ಮಗಳೇ, ಇದು ಮತ್ತೊಮ್ಮೆ ಕೂಡಿಬರುವ ಹಣವಲ್ಲ, ಮತ್ತೊಮ್ಮೆ ಕೂಡಿಬರುವ ವಯಸ್ಸೂ ಅಲ್ಲ’ ಎಂದರು. ಆ ಮಾತಿನ ಭಾರವು ನಮ್ಮ ಎಲ್ಲಾ ಲೆಕ್ಕಗಳ ಮೇಲೆ ಕೂತಿರುವದು.

ಸುದ್ದಿಯು ಹಬ್ಬಿದೊಡನೆ ಸಲಹೆಗಳು ಬಂದವು. ಇಂಗ್ಲಂಡಿಗೆ ಹೋದವರು ಸರೋವರಗಳ ಸೀಮೆಯನ್ನು ನೋಡದೆ ಬರಬಾರದೆಂದು ಒಬ್ಬರು, ಷೇಕ್ಸ್‌ಪಿಯರನ ಹುಟ್ಟೂರಿಗೆ ಹೋಗಬೇಕೆಂದು ಇನ್ನೊಬ್ಬರು, ಮ್ಯಾಂಚೆಸ್ಟರ್ ಎಂಬದು ಹೊಗೆಯ ಊರು, ಅಲ್ಲೇನು ಇದೆ ಎಂದು ಮತ್ತೊಬ್ಬರು. ಹೊಗೆಯ ಕಾಲವು ಎಂದೋ ಮುಗಿದಿದೆ. ಈಗ ಅದು ಸಂಗೀತಕ್ಕೂ ಕಾಲ್ಚೆಂಡಾಟಕ್ಕೂ ವಿದ್ಯಾಲಯಗಳಿಗೂ ಹೆಸರಾದ, ರಾತ್ರಿಯಲ್ಲಿಯೂ ಮಲಗದ ಪಟ್ಟಣ. ಉಪಾಧ್ಯಾಯಿನಿಯರ ಕೋಣೆಯ ಹಲಗೆಯ ಮೇಲೆ ಅಲ್ಲಿ ನೋಡತಕ್ಕ ಸ್ಥಳಗಳನ್ನು ಬರೆಯುತ್ತ ಹೋದೆವು. ಇಪ್ಪತ್ತಮೂರು ಆದವು. ಆಮೇಲೆ, ಎಂಟನೆಯ ತರಗತಿಯ ಹುಡುಗಿಯರಿಗೆ ಕೊಡುವಂಥ ಒಂದು ಲೆಕ್ಕವನ್ನು ನಾವೇ ಮಾಡಿದೆವು. ಬುಧವಾರ ಮಧ್ಯಾಹ್ನ ಒಂದು ಘಂಟೆಗೆ ಮುಟ್ಟಿದರೆ ಆ ದಿನ ಏಳು ಘಂಟೆ, ಗುರುವಾರ ಹನ್ನೊಂದು ಘಂಟೆ, ಶುಕ್ರವಾರ ವಿಮಾನಕ್ಕೆ ಹೊರಡುವ ತನಕ ಏಳು ಘಂಟೆ, ಒಟ್ಟು ಇಪ್ಪತ್ತೈದು. ಊಟಕ್ಕೂ ವಿಶ್ರಾಂತಿಗೂ ಏಳನ್ನು ಕಳೆದರೆ ಹದಿನೆಂಟು. ಹದಿನೆಂಟು ಘಂಟೆಗಳಲ್ಲಿ ಇಪ್ಪತ್ತಮೂರು ಸ್ಥಳ! ಓಡುತ್ತ ನೋಡಿದರೆ ಒಂದೂ ನೆನಪಿನಲ್ಲಿ ಉಳಿಯದು. ಅಕ್ಕನವರಂತೂ ಒಂದೇ ಸಮನೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಲಾರರು. ಆದಕಾರಣ ಕೂಡಿಸುವದಕ್ಕಿಂತ ಕಳೆಯುವದೇ ನಮ್ಮ ಮುಖ್ಯ ಕೆಲಸವಾಯಿತು. ಯಾವುದನ್ನು ಕಳೆಯಬೇಕು ಎಂಬದಕ್ಕೆ ಒಂದು ಅಳತೆಗೋಲು ಬೇಕಾಯಿತು.

ಆ ಅಳತೆಗೋಲು ನಮಗೆ ಸಿಕ್ಕಿದ್ದು ಅರಳೆಯಲ್ಲಿ. ಮ್ಯಾಂಚೆಸ್ಟರಿನ ಚರಿತ್ರೆಯೆಂದರೆ ಅರಳೆಯ ಚರಿತ್ರೆ. ೧೭೬೧ರಲ್ಲಿ ಬ್ರಿಜ್‌ವಾಟರ್ ಕಾಲುವೆಯು ಗಣಿಯಿಂದ ಕಲ್ಲಿದ್ದಲನ್ನು ಪಟ್ಟಣದ ಬಾಗಿಲಿಗೆ ತಂದಿತು. ಕಲ್ಲಿದ್ದಲು ಅಗ್ಗವಾದುದರಿಂದ ಉಗಿಯಂತ್ರಗಳು ಬಂದವು, ಉಗಿಯಂತ್ರಗಳಿಂದ ಗಿರಣಿಗಳು ಎದ್ದವು. ಅಲ್ಲಿಯ ತೇವದ ಗಾಳಿಯಲ್ಲಿ ನೂಲು ಬೇಗ ಕಡಿಯುವದಿಲ್ಲವೆಂಬದೂ ಒಂದು ಅನುಕೂಲವಾಯಿತು. ೧೮೩೦ರ ಸಪ್ಟಂಬರ ೧೫ರಂದು ಲಿವರ್‌ಪೂಲಿಗೂ ಮ್ಯಾಂಚೆಸ್ಟರಿಗೂ ಉಗಿಬಂಡಿಯ ರಸ್ತೆಯು ತೆರೆಯಿತು. ಲಿವರ್‌ಪೂಲ್ ಬಂದರಿನಲ್ಲಿ ಹಡಗಿನಿಂದ ಇಳಿದ ಅರಳೆಯು ಅದರ ಮೇಲೆ ಗಿರಣಿಗಳಿಗೆ ಬರುತ್ತಿತ್ತು. ೧೮೯೪ರಲ್ಲಿ ಮೂವತ್ತಾರು ಮೈಲು ಉದ್ದದ ಹಡಗಿನ ಕಾಲುವೆಯೊಂದನ್ನು ತೋಡಿ, ಸಮುದ್ರದ ಹಡಗುಗಳನ್ನೇ ಪಟ್ಟಣದ ಹತ್ತಿರಕ್ಕೆ ಕರಕೊಂಡರು. ಪಟ್ಟಣದವರು ೧೮೪೨ರಲ್ಲಿ ತಮ್ಮ ಲಾಂಛನದೊಳಗೆ ಜೇನುಹುಳುಗಳನ್ನು ಇರಿಸಿಕೊಂಡದ್ದು, ಎಡೆಬಿಡದೆ ದುಡಿಯುವವರು ತಾವೆಂದು ತೋರಿಸುವದಕ್ಕಾಗಿಯೇ. ಇಂದಿಗೂ ಆ ಹುಳುವಿನ ಚಿತ್ರವನ್ನು ಅಲ್ಲಿಯ ಗೋಡೆಗಳ ಮೇಲೆಯೂ ಹಳದಿ ಬಸ್ಸುಗಳ ಮೇಲೆಯೂ ಕಾಣಬಹುದು.

ಆ ಜೇನುಗೂಡಿಗೆ ನಮ್ಮ ಸೀಮೆಯ ಹೂವಿನಿಂದಲೂ ಮಧುವು ಹೋಯಿತೆಂಬದನ್ನು ನಮ್ಮ ವಿದ್ಯಾರ್ಥಿನಿಯರು ತಿಳಿದಿರಬೇಕು. ೧೮೪೦ರ ದಶಕದಲ್ಲಿ ಆಗಿನ ಸರಕಾರದವರು ಅಮೇರಿಕದ ಹತ್ತಿಯ ಬೀಜವನ್ನು ಹಿಂದುಸ್ಥಾನದ ಅನೇಕ ಪ್ರಾಂತಗಳಲ್ಲಿ ಬಿತ್ತಿಸಿ ನೋಡಿದರು. ಬಹಳ ಕಡೆಗಳಲ್ಲಿ ಅದು ಹತ್ತಲಿಲ್ಲ. ಧಾರವಾಡ ಜಿಲ್ಲೆಯ ಎರೆಭೂಮಿಯಲ್ಲಿ ಮಾತ್ರ ಚೆನ್ನಾಗಿ ಹತ್ತಿತು. ಧಾರವಾಡ-ಅಮೇರಿಕನ್ ಎಂಬ ಹೆಸರಿನಿಂದಲೇ ಆ ಅರಳೆಯು ಪೇಟೆಯಲ್ಲಿ ಮಾರುತ್ತಿತ್ತು. ಅದನ್ನು ಸಾಗಿಸುವದಕ್ಕೆ ಕಾರವಾರದಲ್ಲಿ ಬಂದರು ಬೇಕೆಂದು ಮ್ಯಾಂಚೆಸ್ಟರಿನ ವ್ಯಾಪಾರಿಗಳು ಹಟಹಿಡಿದರು. ೧೮೬೨ರಲ್ಲಿ ಉತ್ತರ ಕನ್ನಡವನ್ನು ಮದ್ರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಅರಳೆಯ ದಾರಿಯ ವಿಚಾರವೂ ಇತ್ತು. ನಮ್ಮ ನಕಾಶೆಯ ಗೆರೆಯನ್ನು ದೂರದ ಒಂದು ಪಟ್ಟಣದ ಹಸಿವು ಎಳೆಯಿತು ಎಂದರೆ ತಪ್ಪಾಗದು.

ಅಕ್ಕನವರ ಮನೆತನದಲ್ಲಿ ಇದರ ಕಥೆಯೊಂದು ಉಂಟು. ಅವರ ಮುತ್ತಜ್ಜನ ತಂದೆ ಅಣ್ಣಿಗೇರಿಯ ಕಡೆಯ ಒಬ್ಬ ಒಕ್ಕಲಿಗ. ೧೮೬೧ರಲ್ಲಿ ಅಮೇರಿಕದ ಉತ್ತರ ಸೀಮೆಯವರಿಗೂ ದಕ್ಷಿಣ ಸೀಮೆಯವರಿಗೂ ಯುದ್ಧವು ಹತ್ತಿ, ಉತ್ತರದವರ ಹಡಗುಪಡೆಯು ದಕ್ಷಿಣದ ಬಂದರುಗಳನ್ನು ಮುಚ್ಚಿದಾಗ, ಅಮೇರಿಕದ ಅರಳೆಯು ನಿಂತುಹೋಗಿ ನಮ್ಮ ಅರಳೆಯ ಬೆಲೆಯು ಒಮ್ಮೆಲೇ ಏರಿತು. ಆ ಮನುಷ್ಯನು ಹೆಂಡತಿಗೆ ಬೆಳ್ಳಿಯ ಡಾಬನ್ನು ಮಾಡಿಸಿದನು, ಎತ್ತುಗಳ ಕೋಡಿಗೆ ಬೆಳ್ಳಿಯ ಅಣಸುಗಳನ್ನು ಹಾಕಿಸಿದನು, ಸಾಲಮಾಡಿ ಇನ್ನೂ ಹೊಲವನ್ನು ಕೊಂಡನು. ೧೮೬೫ರಲ್ಲಿ ಯುದ್ಧವು ಮುಗಿಯಿತು, ಬೆಲೆಯು ಬಿತ್ತು. ಡಾಬು ಸಾಹುಕಾರನ ಪೆಟ್ಟಿಗೆಗೆ ಹೋಯಿತು, ಹೊಲವೂ ಅದರ ಹಿಂದೆ ಹೋಯಿತು. ‘ನಮ್ಮ ಮನೆಯಲ್ಲಿ ಡಾಬು ಉಳಿಯಲಿಲ್ಲ, ಡಾಬಿನ ಮಾತು ಉಳಿಯಿತು’ ಎಂದು ಅಕ್ಕನವರು ನಗುತ್ತಾರೆ. ಮ್ಯಾಂಚೆಸ್ಟರಿನಲ್ಲಿ ಅವರಿಗೆ ಬೇಕಾದದ್ದು ಒಂದೇ: ‘ಅರಳೆಯ ಬೆಲೆಯನ್ನು ಯಾವ ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದರೋ ಅದನ್ನು ನಾನು ಕಣ್ಣಾರೆ ನೋಡಬೇಕು.’

ಆ ಕಥೆಯ ಮತ್ತೊಂದು ಮಗ್ಗುಲು ನಾವು ಪುಸ್ತಕಗಳನ್ನು ಓದುವಾಗ ತಿಳಿದುಬಂತು. ಅಣ್ಣಿಗೇರಿಯಲ್ಲಿ ಬೆಳ್ಳಿ ಬಂದ ಅದೇ ವರುಷಗಳಲ್ಲಿ ಮ್ಯಾಂಚೆಸ್ಟರಿನ ಸುತ್ತಲಿನ ಲ್ಯಾಂಕಶೈರ್ ಸೀಮೆಯಲ್ಲಿ ಅರಳೆಯ ಬರವು ಬಿತ್ತು. ಗಿರಣಿಗಳು ಮುಚ್ಚಿದವು. ೧೮೬೨ರ ಕೊನೆಗೆ ಸುಮಾರು ಐದು ಲಕ್ಷ ಜನರು ಧರ್ಮದ ಅನ್ನದಿಂದ ದಿನ ಕಳೆಯುತ್ತಿದ್ದರು. ಅಷ್ಟು ಹಸಿವೆಯಲ್ಲಿಯೂ, ಆ ವರುಷದ ದಶಂಬರ ೩೧ರಂದು ಮ್ಯಾಂಚೆಸ್ಟರಿನ ಕೆಲಸಗಾರರು ಸಭೆ ಕೂಡಿ, ಗುಲಾಮರ ಬಿಡುಗಡೆಯ ಪಕ್ಷದಲ್ಲಿ ತಾವು ಇರುವೆವೆಂದು ಅಧ್ಯಕ್ಷ ಲಿಂಕನ್ನರಿಗೆ ಪತ್ರವನ್ನು ಕಳುಹಿಸಿದರು. ೧೮೬೩ರ ಜನವರಿ ೧೯ರಂದು ಅವರು ಉತ್ತರವನ್ನು ಬರೆದರು. ಕೆಲಸವಿಲ್ಲದೆ ಮನೆಯಲ್ಲಿ ಕೂತ ಗಿರಣಿಯ ಹುಡುಗಿಯರಿಗಾಗಿ ಊರೂರಿಗೆ ಹೊಲಿಗೆಯ ಶಾಲೆಗಳು ತೆರೆದವು. ಶಾಲೆಗೆ ಬಂದವರಿಗೆ ಅಲ್ಪ ಕೂಲಿಯನ್ನು ಕೊಟ್ಟು, ಹೊಲಿಗೆಯನ್ನೂ ಅಕ್ಷರವನ್ನೂ ಕಲಿಸುತ್ತಿದ್ದರು. ಯಾಕಂದರೆ, ಚಿಕ್ಕಂದಿನಿಂದ ಗಿರಣಿಯಲ್ಲಿ ನೂಲನ್ನೂ ಬಟ್ಟೆಯನ್ನೂ ಮಾಡಿದ ಅನೇಕ ಹುಡುಗಿಯರಿಗೆ ತಮ್ಮ ಅಂಗಿಯ ಹರಕನ್ನು ಹೊಲಿಯುವದಕ್ಕೆ ಬಾರದು! ಅದನ್ನು ಓದಿ ಹೇಳಿದಾಗ ಅಕ್ಕನವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಹಾಗಾದರೆ ನಮ್ಮ ಡಾಬು ಆ ಹುಡುಗಿಯರ ಊಟದ ತಟ್ಟೆಯಿಂದ ಬಂದದ್ದೇನು?’ ಎಂದು ಕೇಳಿದರು. ಯುದ್ಧವನ್ನು ಒಕ್ಕಲಿಗನು ಹೂಡಲಿಲ್ಲ, ಬರವನ್ನು ಹುಡುಗಿಯರು ತರಲಿಲ್ಲ, ನಡುವೆ ಬೆಲೆಯೆಂಬದೊಂದು ನಿಂತು ಇಬ್ಬರನ್ನೂ ಆಡಿಸಿತು ಎಂದು ನಾವು ಹೇಳಿದೆವು. ಅವರಿಗೆ ಆ ಉತ್ತರವು ಸಾಲಲಿಲ್ಲ. ನಮಗೂ ಸಾಲಲಿಲ್ಲ.

ಆ ದಿವಸದಿಂದ ನಮ್ಮ ಪಟ್ಟಿಗೆ ಜರಡಿಯೊಂದು ದೊರೆಯಿತು: ನಮ್ಮ ಹೊಲದ ಅರಳೆಯು ಆ ಊರಿಗೆ ಹೋಗಿ ಏನಾಯಿತು, ಅದನ್ನು ನೂತ ಹೆಣ್ಣುಮಕ್ಕಳು ಏನಾದರು? ಈ ಪ್ರಶ್ನೆಗೆ ಉತ್ತರ ಕೊಡುವ ಸ್ಥಳಗಳು ಉಳಿಯಲಿ, ಉಳಿದವು ಬೀಳಲಿ ಎಂದೆವು. ಆದರೆ ಅಷ್ಟರಲ್ಲಿ ಬೇರೊಂದು ತೊಡಕು ಬಂತು. ಫೆಬ್ರವರಿ ತಿಂಗಳಲ್ಲಿ ಅಕ್ಕನವರ ಮೊಣಕಾಲು ಬಾತು, ಎರಡು ವಾರ ಮನೆಯಿಂದ ಹೊರಡಲಾಗಲಿಲ್ಲ. ತಾವು ಲಂಡನ್ನಿನಲ್ಲಿಯೇ ಪರಿಚಯದವರ ಮನೆಯಲ್ಲಿ ಇದ್ದುಬಿಡುವೆವೆಂದೂ, ತಮ್ಮಿಂದ ನಮ್ಮ ಮೂರು ದಿನಗಳು ಕೆಡಬಾರದೆಂದೂ ಹೇಳಿಕಳುಹಿಸಿದರು. ವ್ಯಾಯಾಮದ ಉಪಾಧ್ಯಾಯಿನಿಯು ಅದಕ್ಕೆ ಮಾತಿನಿಂದ ಉತ್ತರ ಕೊಡಲಿಲ್ಲ. ಪಟ್ಟಣದ ನಕಾಶೆಯೊಂದನ್ನು ತೆಗೆದುಕೊಂಡು, ನಾವು ನಡೆಯುವ ದಾರಿಯಲ್ಲಿ ಕೂಡ್ರುವದಕ್ಕೆ ಎಲ್ಲೆಲ್ಲಿ ಅನುಕೂಲವಿದೆ ಎಂಬದನ್ನು ವಿಚಾರಿಸಿ, ಕೆಂಪು ಮಸಿಯಿಂದ ಗುರುತು ಮಾಡಿ ಅಕ್ಕನವರ ಮನೆಗೆ ಕೊಂಡುಹೋದಳು. ಅಲ್ಲಿ ಕೆಲಸಮಾಡುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು, ಈಗ ಆಸ್ಪತ್ರೆಯ ದಾದಿ, ಇದಕ್ಕೆ ಸಹಾಯಮಾಡಿದಳು. ಪಟ್ಟಣದ ಹಳದಿ ಟ್ರಾಂ ಬಂಡಿಗಳಿಗೆ ಮೆಟ್ಟಿಲು ಹತ್ತಬೇಕಾಗಿಲ್ಲ, ಕಟ್ಟೆಯೂ ಬಂಡಿಯ ನೆಲವೂ ಸಮವಾಗಿರುವವು ಎಂದು ಬರೆದವಳು ಅವಳೇ. ಅಕ್ಕನವರು ನಕಾಶೆಯನ್ನು ನೋಡಿ, ‘ಇಷ್ಟು ಕೂಡ್ರುವ ಜಾಗ ನಮ್ಮ ಊರಿನಲ್ಲಿಯೂ ಇಲ್ಲವಲ್ಲ’ ಎಂದು ಮರುದಿನವೇ ತಮ್ಮ ಚೀಲವನ್ನು ಕೆಳಗಿಳಿಸಿದರು. ಆಗಿನಿಂದ ನಮ್ಮ ಯೋಜನೆಗೆ ಒಂದು ಕಟ್ಟಳೆಯುಂಟು: ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಹೆಜ್ಜೆಯೇ ಎಲ್ಲರ ಹೆಜ್ಜೆ.

ಇನ್ನು ದಿನಗಳ ಹಂಚಿಕೆ. ಸಣ್ಣ ಸಣ್ಣ ವಸ್ತುಸಂಗ್ರಹಗಳೂ ಹೆಸರಾದವರ ಮನೆಗಳೂ ಅಲ್ಲಿ ವಾರದಲ್ಲಿ ಕೆಲವೇ ದಿನ ತೆರೆದಿರುವದರಿಂದ, ಮೊದಲು ಅವುಗಳ ಬಾಗಿಲು ತೆರೆಯುವ ದಿನಗಳನ್ನು ತಿಳಿದುಕೊಂಡು, ಆಮೇಲೆ ನಮ್ಮ ವಾರವನ್ನು ಆರಿಸಿದೆವು. ಇದು ಎಲ್ಲಾ ಪ್ರವಾಸಿಗಳೂ ಗಮನಿಸತಕ್ಕ ಮಾತು. ಬುಧವಾರ ಲಂಡನ್ನಿನ ಯೂಸ್ಟನ್ ಸ್ಟೇಶನ್ನಿನಿಂದ ಎರಡು ಘಂಟೆಗೆ ಸ್ವಲ್ಪ ಮೇಲ್ಪಟ್ಟ ಹೊತ್ತಿನಲ್ಲಿ ಪಿಕ್ಕಡಿಲಿ ಸ್ಟೇಶನ್ನನ್ನು ಮುಟ್ಟುವೆವು. ಟಿಕೇಟುಗಳನ್ನು ವಾರಗಟ್ಟಲೆ ಮುಂಚೆ ಕೊಂಡರೆ ಅಗ್ಗ. ಮಧ್ಯಾಹ್ನದ ಮೇಲೆ ಅಕ್ಕನವರ ಆಶೆಯಂತೆ ರಾಯಲ್ ಎಕ್ಸ್‌ಚೇಂಜ್ ಎಂಬ ಅರಳೆಯ ಪೇಟೆಗೆ ಹೋಗುವದು. ಹಸಿ ಅರಳೆಯ ಚೌಕಾಸಿಯು ಮುಖ್ಯವಾಗಿ ಲಿವರ್‌ಪೂಲಿನಲ್ಲಿ ನಡೆಯುತ್ತಿತ್ತು, ಮ್ಯಾಂಚೆಸ್ಟರಿನ ಪೇಟೆಯಲ್ಲಿ ನೂಲು ಮತ್ತು ಬಟ್ಟೆಗಳ ವ್ಯಾಪಾರ. ಆದರೂ ಬಟ್ಟೆಯ ಗಿರಾಕಿ ಇಲ್ಲದೆ ಅರಳೆಗೆ ಬೆಲೆಯೆಲ್ಲಿ? ಈಗಿನ ಕಟ್ಟಡವು ೧೮೭೪ರಲ್ಲಿ ಮುಗಿದು ೧೯೨೧ರಲ್ಲಿ ವಿಸ್ತರಿಸಲ್ಪಟ್ಟದ್ದು. ವ್ಯಾಪಾರವು ೧೯೬೮ರ ಕೊನೆಯ ದಿವಸ ನಿಂತಿತು. ಆ ಕೊನೆಯ ದರಗಳು ಎತ್ತರದ ಹಲಗೆಯ ಮೇಲೆ ಇಂದಿಗೂ ಹಾಗೆಯೇ ಇರುವವು. ೧೯೭೬ರಿಂದ ಆ ದೊಡ್ಡ ಪಡಸಾಲೆಯೊಳಗೆ ಒಂದು ನಾಟಕಶಾಲೆಯುಂಟು. ಅದರ ಭಾರವನ್ನು ನೆಲವು ತಾಳದೆಂದು ಕಟ್ಟಡದ ದೊಡ್ಡ ಕಂಬಗಳಿಂದಲೇ ಅದನ್ನು ತೂಗುಹಾಕಿದ್ದಾರೆ. ಅಕ್ಕನವರು ಹಲಗೆಯ ಕೆಳಗೆ ಒಂದು ಘಂಟೆ ಕೂತಿರುವರು. ಅವರಿಗೆ ಅಲ್ಲಿ ಏನನ್ನೂ ವಿವರಿಸಬಾರದೆಂದು ನಾವು ನಿಶ್ಚಯಿಸಿದ್ದೇವೆ.

ಆ ಒಂದು ಘಂಟೆಯನ್ನು ವ್ಯಾಯಾಮದ ಉಪಾಧ್ಯಾಯಿನಿಗೆ ಬಿಟ್ಟುಕೊಟ್ಟಿದ್ದೇವೆ. ಅವಳು ಹತ್ತಿರದಲ್ಲಿಯೇ ಇರುವ ಕಾಲ್ಚೆಂಡಾಟದ ವಸ್ತುಸಂಗ್ರಹಾಲಯಕ್ಕೆ ಹೋಗುವಳು. ಮೊದಲು ನಾವು ಇದನ್ನು ಜರಡಿಯಲ್ಲಿ ಬಿದ್ದದ್ದೆಂದು ಎಣಿಸಿದ್ದೆವು. ಅವಳು ವಾದಿಸಿ ಗೆದ್ದಳು. ಅಲ್ಲಿಯ ಕಾಲ್ಚೆಂಡಿನ ಸಂಘದವರು ೧೯೨೧ರಲ್ಲಿ ಹೆಂಗಸರಿಗೆ ತಮ್ಮ ಮೈದಾನಗಳನ್ನು ಮುಚ್ಚಿದರು, ಸುಮಾರು ಐವತ್ತು ವರುಷ ಆ ನಿಷೇಧವು ನಿಂತಿತು. ನಿಷೇಧದ ನಡುವೆಯೇ ೧೯೪೯ರಲ್ಲಿ ಮ್ಯಾಂಚೆಸ್ಟರಿನ ಹುಡುಗಿಯರು ಕೊರಿಂಥಿಯನ್ಸ್ ಎಂಬ ತಂಡವನ್ನು ಕಟ್ಟಿದರು. ೨೦೨೨ರ ಜುಲೈ ತಿಂಗಳಲ್ಲಿ ಅದೇ ಪಟ್ಟಣದ ಓಲ್ಡ್ ಟ್ರ್ಯಾಫರ್ಡ್ ಮೈದಾನದಲ್ಲಿ ಹೆಂಗಸರ ಪಂದ್ಯವನ್ನು ೬೮,೮೭೧ ಜನರು ನೋಡಿದರು. ‘ಅಕ್ಕಾವರೇ, ನೂತವರ ಮೊಮ್ಮಕ್ಕಳು ಏನಾದರು ಎಂಬದಕ್ಕೆ ಇದೂ ಉತ್ತರವಲ್ಲವೇ?’ ಎಂದು ಅವಳು ಕೇಳಿದಾಗ ನಮ್ಮಲ್ಲಿ ಎದುರು ಮಾತು ಇರಲಿಲ್ಲ.

ಸಂಜೆ ಐದಕ್ಕೆ ಮೂವರೂ ದೊಡ್ಡ ದೇವಾಲಯದ ಬಳಿ ಕೂಡುವೆವು. ಅಲ್ಲಿ ೨೦೧೯ರಲ್ಲಿ ನಿಲ್ಲಿಸಿದ ಮಹಾತ್ಮಾ ಗಾಂಧಿಯವರ ಪ್ರತಿಮೆಯುಂಟು. ವಿದೇಶಿ ಬಟ್ಟೆಯ ಬಹಿಷ್ಕಾರದಿಂದ ಲ್ಯಾಂಕಶೈರಿನ ಗಿರಣಿಗಳಿಗೆ ಪೆಟ್ಟು ಬಿದ್ದಿರುವಾಗ, ೧೯೩೧ರ ಸಪ್ಟಂಬರದಲ್ಲಿ ಅವರು ಆ ಸೀಮೆಯ ಡಾರ್ವೆನ್ ಊರಿಗೆ ತಾವಾಗಿ ಹೋದರು. ಗಿರಣಿಯ ಹೆಂಗಸರು ಅವರನ್ನು ಸುತ್ತುಗಟ್ಟಿ ಜಯಘೋಷ ಮಾಡಿದ ಛಾಯಾಚಿತ್ರವು ನಮ್ಮ ಚರಿತ್ರೆಯ ಕೋಣೆಯಲ್ಲಿ ತೂಗುತ್ತಿದೆ. ಅದೇ ದೇವಾಲಯದ ಬಳಿ ೨೦೨೨ರಲ್ಲಿ ಮಾಡಿದ ಒಂದು ಚಿಕ್ಕ ತೋಟವುಂಟು. ೨೦೧೭ರ ಮೇ ೨೨ರಂದು ಸಂಗೀತದ ಸಭೆಯಿಂದ ಹೊರಗೆ ಬರುತ್ತಿದ್ದವರ ನಡುವೆ ಬಾಂಬು ಸಿಡಿದು ಇಪ್ಪತ್ತೆರಡು ಜನರು ಸತ್ತರು. ಸತ್ತವರಲ್ಲಿ ಶಾಲೆಯ ಹುಡುಗಿಯರೂ ಇದ್ದರು, ಎಲ್ಲರಿಗೂ ಚಿಕ್ಕವಳಿಗೆ ಎಂಟೇ ವರುಷ. ಅವರ ನೆನಪಿಗಾಗಿ ಆ ತೋಟ. ನಮ್ಮ ಅರಳೆಯ ಪ್ರಶ್ನೆಗೂ ಇದಕ್ಕೂ ಸಂಬಂಧವಿಲ್ಲ. ಆದರೂ ಹುಡುಗಿಯರ ಶಾಲೆಯನ್ನು ನಡಿಸುವವರು ಅದನ್ನು ದಾಟಿ ಮುಂದೆ ಹೋಗಲಾರರು. ಆದಕಾರಣ ಅದನ್ನು ಜರಡಿಗೆ ಹಾಕಲೇ ಇಲ್ಲ.

ಗುರುವಾರವು ನಮ್ಮ ಯೋಜನೆಯ ನಡುಗಂಬ. ಅಂದು ಪ್ಲಿಮತ್ ಗ್ರೋವಿನ ೮೪ನೆಯ ಮನೆಗೆ ಹೋಗುವೆವು. ಶ್ರೀಮತಿ ಎಲಿಜಬೆತ್ ಗ್ಯಾಸ್ಕೆಲ್ ಅವರು ೧೮೫೦ರಿಂದ ೧೮೬೫ರಲ್ಲಿ ತೀರಿಕೊಳ್ಳುವ ಪರ್ಯಂತ ವಾಸಿಸಿದ ಮನೆ ಅದು. ಸಭಾಪಾಲಕರ ಹೆಂಡತಿ, ಹೆಣ್ಣುಮಕ್ಕಳ ತಾಯಿ. ಎಳೆಯ ಮಗನೊಬ್ಬನು ಜ್ವರದಿಂದ ತೀರಿಹೋದ ದುಃಖದಲ್ಲಿ, ಗಂಡನ ಸಲಹೆಯಂತೆ ಬರೆಯುವದಕ್ಕೆ ತೊಡಗಿ, ೧೮೪೮ರಲ್ಲಿ ‘ಮೇರಿ ಬಾರ್ಟನ್’ ಎಂಬ ಕಾದಂಬರಿಯಲ್ಲಿ ಗಿರಣಿಯ ಬಡವರ ಸಂಸಾರವನ್ನು ಲೋಕಕ್ಕೆ ತೋರಿಸಿದರು. ಅರಳೆಯ ಬರದ ಚಳಿಗಾಲದಲ್ಲಿ ಅವರೂ ಅವರ ಹೆಣ್ಣುಮಕ್ಕಳೂ ಗಿರಣಿಯ ಹುಡುಗಿಯರಿಗಾಗಿ ಹೊಲಿಗೆಯ ಕೋಣೆಗಳಲ್ಲಿ ದಣಿಯುವ ತನಕ ದುಡಿದರು. ಕಥೆಗಾರ್ತಿಯರೆಂದು ನಾವು ಓದಿದ್ದವರು ಹೊಲಿಗೆಯ ಅಕ್ಕನವರೂ ಆಗಿದ್ದರೆಂದು ತಿಳಿದಾಗ ನಮ್ಮ ಅಕ್ಕನವರ ಮುಖವು ಅರಳಿದ್ದನ್ನು ಬರೆಯುವದಕ್ಕಾಗದು. ಆ ಮನೆಯು ೨೦೧೪ರಿಂದ ಸಾರ್ವಜನಿಕರಿಗೆ ತೆರೆದಿರುವದು. ಮಧ್ಯಾಹ್ನ ಅಲ್ಲಿಂದ ಸಮೀಪದ ನೆಲ್ಸನ್ ಬೀದಿಯ ೬೨ನೆಯ ಮನೆಗೆ. ೧೯೦೩ರ ಅಕ್ಟೋಬರ ೧೦ರಂದು ಶ್ರೀಮತಿ ಎಮ್ಮಲಿನ್ ಪ್ಯಾಂಕ್‌ಹರ್ಸ್ಟ್ ಅವರು ಹೆಂಗಸರಿಗೆ ಮತಾಧಿಕಾರವು ಬೇಕೆಂದು ಸಂಘವನ್ನು ಕಟ್ಟಿದ್ದು ಆ 집ಮನೆಯ ಪಡಸಾಲೆಯಲ್ಲಿ. ೧೯೧೮ರಲ್ಲಿ ಮೂವತ್ತು ವರುಷ ದಾಟಿದ ಕೆಲವರಿಗೂ, ೧೯೨೮ರಲ್ಲಿ ಗಂಡಸರ ಸರಿಸಮವಾಗಿ ಎಲ್ಲರಿಗೂ ಆ ಹಕ್ಕು ಸಿಕ್ಕಿತು. ಸಂಜೆ, ಕಾಲುಗಳಲ್ಲಿ ಶಕ್ತಿಯಿದ್ದರೆ ಮಾತ್ರ, ಮ್ಯಾಂಚೆಸ್ಟರ್ ಮ್ಯೂಸಿಯಮ್ಮಿನಲ್ಲಿ ೨೦೨೩ರಲ್ಲಿ ತೆರೆದ ದಕ್ಷಿಣ ಏಷ್ಯದ ಶಾಲೆಯನ್ನು ನೋಡುವದು. ರಾತ್ರಿಯ ಊಟವು ದಾದಿಯಾಗಿರುವ ನಮ್ಮ ವಿದ್ಯಾರ್ಥಿನಿಯ ಮನೆಯಲ್ಲಿ. ಜೋಳದ ಹಿಟ್ಟನ್ನು ತರಬೇಕೆಂದು ಮೂರು ಸಲ ನೆನಪುಮಾಡಿದ್ದಾಳೆ.

ಶುಕ್ರವಾರ ಬೆಳಿಗ್ಗೆ ವಿಜ್ಞಾನ ಮತ್ತು ಕೈಗಾರಿಕೆಗಳ ವಸ್ತುಸಂಗ್ರಹಾಲಯ. ಅದು ೧೮೩೦ರ ಆ ಮೊದಲ ಉಗಿಬಂಡಿಯ ಸ್ಟೇಶನ್ನಿನ ಆವರಣದಲ್ಲಿಯೇ ಇರುವದು, ಅರಳೆಯು ಬಟ್ಟೆಯಾಗುವ ತನಕದ ಯಂತ್ರಗಳೂ ಅಲ್ಲಿರುವವು. ಬಳಿಕ ಜಾನ್ ರೈಲಂಡ್ಸ್ ಪುಸ್ತಕಾಲಯ. ಅರಳೆಯ ವ್ಯಾಪಾರದಿಂದ ಕೋಟ್ಯಧೀಶನಾದ ಗಂಡನು ೧೮೮೮ರಲ್ಲಿ ತೀರಿಕೊಂಡ ಮೇಲೆ, ಕ್ಯೂಬಾ ದೇಶದಲ್ಲಿ ಹುಟ್ಟಿದ ಶ್ರೀಮತಿ ಎನ್ರಿಕೆಟಾ ರೈಲಂಡ್ಸ್ ಅವರು ಆ ಹಣದಿಂದ ಅದನ್ನು ಕಟ್ಟಿಸಿ ೧೯೦೦ನೆಯ ವರುಷದ ಮೊದಲ ದಿವಸ ಓದುಗರಿಗೆ ತೆರೆದರು. ಯೋಹಾನನ ಸುವಾರ್ತೆಯ ಅತ್ಯಂತ ಹಳೆಯ ಚೂರೊಂದು, ಅಂಗೈಗಿಂತ ಚಿಕ್ಕ ಪಪೈರಸ್ಸಿನ ತುಂಡು, ಆ ಪುಸ್ತಕಾಲಯದ ಸೊತ್ತು. ಅರಳೆಯ ಹಣವು ಡಾಬಾಗಿ ಕರಗಿದ್ದೂ ಉಂಟು, ಪುಸ್ತಕಾಲಯವಾಗಿ ನಿಂತದ್ದೂ ಉಂಟೆಂಬದನ್ನು ಅಲ್ಲಿ ಕೂತು ಆಲೋಚಿಸಬಹುದು. ಹತ್ತಿರದ ಚೌಕದಲ್ಲಿ ಲಿಂಕನ್ನರ ಪ್ರತಿಮೆಯೂ ಅದರ ಪೀಠದ ಮೇಲೆ ಅವರ ಪತ್ರದ ಮಾತುಗಳೂ ಇರುವವು. ಕಡೆಗೆ ಸೇಂಟ್ ಪೀಟರ್ಸ್ ಚೌಕ: ೧೯೩೪ರಲ್ಲಿ ತೆರೆದ ಗುಂಡಾಕಾರದ ಪುಸ್ತಕಾಲಯ, ೨೦೧೮ರಲ್ಲಿ ನಿಲ್ಲಿಸಿದ ಪ್ಯಾಂಕ್‌ಹರ್ಸ್ಟ್ ಅವರ ಪ್ರತಿಮೆ. ೧೮೧೯ರ ಆಗಸ್ಟ ೧೬ರಂದು ಅದರ ಸುತ್ತಣ ಬೈಲಿನಲ್ಲಿ ಮತಾಧಿಕಾರವನ್ನು ಕೇಳುವದಕ್ಕೆ ಸುಮಾರು ಅರವತ್ತು ಸಾವಿರ ಜನರು ಕೂಡಿದ್ದರು. ಬಿಳಿಯ ಉಡುಪಿನ ಹೆಂಗಸರ ಗುಂಪುಗಳೂ ಅವರಲ್ಲಿ ಇದ್ದವು. ಕುದುರೆಯ ದಂಡು ಕತ್ತಿ ಹಿರಿದು ಅವರ ಮೇಲೆ ನುಗ್ಗಿತು. ಸತ್ತವರಿಗಾಗಿ ೨೦೧೯ರಲ್ಲಿ ಕಟ್ಟಿದ ಸ್ಮಾರಕವು ಮೆಟ್ಟಿಲು ಮೆಟ್ಟಿಲಾದ ಒಂದು ದುಂಡು ದಿಬ್ಬ. ಕಾಲಿಲ್ಲದವರು ಹತ್ತುವದಕ್ಕೆ ದಾರಿಯಿಲ್ಲವೆಂದು ಅಲ್ಲಿಯವರೇ ಆಕ್ಷೇಪಿಸಿದರು. ಅಕ್ಕನವರು ಕೆಳಗೆ ನಿಲ್ಲುವರು. ನಾವಿಬ್ಬರೂ ಹತ್ತುವದಿಲ್ಲ.

ಬಿಟ್ಟವುಗಳ ಪಟ್ಟಿಯು ಉದ್ದ. ೧೬೫೩ರಲ್ಲಿ ಸ್ಥಾಪಿತವಾದ ಚೆಟಮ್ ಪುಸ್ತಕಾಲಯವನ್ನು ಬಿಟ್ಟೆವು. ೧೮೫೮ರಲ್ಲಿ ಆರಂಭವಾದ ಹ್ಯಾಲೆ ವಾದ್ಯವೃಂದದ ಕಚೇರಿಯನ್ನು ಬಿಟ್ಟೆವು. ಎಲ್ಲಕ್ಕಿಂತ ಹೆಚ್ಚು ವ್ಯಥೆಯಾದದ್ದು ಸ್ಟೈಲ್ ಊರಿನ ಕ್ವಾರಿ ಬ್ಯಾಂಕ್ ಗಿರಣಿಯನ್ನು ಬಿಡುವಾಗ. ೧೭೮೪ರಲ್ಲಿ ಕಟ್ಟಿದ ಆ ಗಿರಣಿಯ ಪಕ್ಕದಲ್ಲಿ, ದುಡಿಯುವದಕ್ಕೆ ತಂದ ಅನಾಥರೂ ಬಡವರೂ ಆದ ಮಕ್ಕಳನ್ನು ಇರಿಸುತ್ತಿದ್ದ ಮನೆಯೊಂದುಂಟು. ಹಗಲೆಲ್ಲಾ ಯಂತ್ರದ ಕೆಳಗೆ ದುಡಿದ ಮಕ್ಕಳು ರಾತ್ರಿ ಅಕ್ಷರವನ್ನು ಕಲಿಯುತ್ತಿದ್ದರು. ಅದನ್ನು ನೋಡಬೇಕೆಂಬದು ನಮ್ಮ ಸ್ವಂತ ಆಶೆಯಾಗಿತ್ತು. ಆದರೆ ಅದು ಪಟ್ಟಣದಿಂದ ಹತ್ತು ಮೈಲಿನಷ್ಟು ದೂರ, ಕಣಿವೆಯ ಇಳಿಜಾರು ಕಡಿದು, ಅರ್ಧ ದಿವಸವು ಬೇಕು. ನಿಧಾನದ ಹೆಜ್ಜೆಯ ಕಟ್ಟಳೆಯನ್ನು ಮಾಡಿದವರು ತಮ್ಮ ಆಶೆಯ ಹೊತ್ತಿಗೆ ಅದನ್ನು ಮುರಿಯಬಾರದು. ಹಲಗೆಯ ಮೇಲಿನ ಆ ಹೆಸರನ್ನು ನಾವೇ ಒರಸಿದೆವು.

ಪ್ರಯಾಣದ ಸಾಮಾನಿನ ವಿಷಯ ಎರಡು ಮಾತು. ಮ್ಯಾಂಚೆಸ್ಟರಿನ ಮಳೆಯನ್ನು ಕೇಳಿ ಎಲ್ಲರೂ ಹೆದರಿಸಿದರು. ವರುಷಕ್ಕೆ ಅಲ್ಲಿ ಬೀಳುವದು ಸುಮಾರು ೮೩೦ ಮಿಲಿಮೀಟರ್, ಮಂಗಳೂರಿನ ಮಳೆಯ ಕಾಲುಪಾಲಿನಷ್ಟು. ಆದರೆ ಅದು ಒಮ್ಮೆ ಸುರಿದು ಮುಗಿಯದೆ, ವರುಷದ ಎಲ್ಲಾ ತಿಂಗಳುಗಳಲ್ಲಿಯೂ ತೊಟ್ಟಿಕ್ಕುವದು. ಮೇ ತಿಂಗಳ ಹಗಲಿನಲ್ಲಿ ಶಾಖವು ಹದಿನಾರು ಡಿಗ್ರಿಯ ಸುಮಾರು, ಬೆಳಕು ರಾತ್ರಿ ಒಂಬತ್ತರ ತನಕ. ಆದುದರಿಂದ ತಲೆಗೊಂದು ಕೊಡೆ, ಸೀರೆಯ ಮೇಲೆ ಉಣ್ಣೆಯ ಕೋಟು, ಜಾರದ ಬೂಟುಗಳು. ಸರಕಾರದ ವಸ್ತುಸಂಗ್ರಹಗಳೂ ಪುಸ್ತಕಾಲಯಗಳೂ ಬಹುತೇಕ ಧರ್ಮಾರ್ಥವಾಗಿ ತೆರೆದಿರುವದರಿಂದ, ಹಣವು ಮುಖ್ಯವಾಗಿ ವಸತಿಗೂ ಊಟಕ್ಕೂ ಬೇಕಾಗುವದು. ವಸತಿಯನ್ನು ಟ್ರಾಂ ನಿಲ್ಲುವ ಚೌಕದ ಬಳಿಯಲ್ಲಿ, ಲಿಫ್ಟು ಇರುವ ಮನೆಯಲ್ಲಿ ಗೊತ್ತುಮಾಡಿದ್ದೇವೆ.

ಅಕ್ಕನವರ ಚೀಲದಲ್ಲಿ ಮಾತ್ರ ಒಂದು ಹೆಚ್ಚಿನ ವಸ್ತುವಿರುವದು. ರಾಷ್ಟ್ರಧ್ವಜದ ಬಟ್ಟೆಯನ್ನು ನೇಯ್ದು ಹೆಸರಾದ ನಮ್ಮ ಗರಗದಿಂದ ಒಂದು ಮೊಳ ಖಾದಿಯನ್ನು ತಂದು, ಎಂಟನೆಯ ತರಗತಿಯ ಹುಡುಗಿಯರಿಂದ ಅದರ ನಾಲ್ಕು ಅಂಚಿಗೂ ಹೊಲಿಗೆ ಹಾಕಿಸುತ್ತಿದ್ದಾರೆ. ನಿವೃತ್ತಿಯಾದ ಮೇಲೆ ಇದೇ ಮೊದಲು ಅವರು ತರಗತಿಗೆ ಬಂದದ್ದು. ಹೊಲಿಗೆಯು ಸೊಟ್ಟಾದರೆ ಬಿಚ್ಚಿಸುತ್ತಾರೆ, ಹಿಂದೆ ನಮ್ಮಿಂದ ಬಿಚ್ಚಿಸಿದ ಹಾಗೆಯೇ. ಪ್ಲಿಮತ್ ಗ್ರೋವಿನ ಆ ಮನೆಯಲ್ಲಿ, ೧೮೬೨ರ ಹೊಲಿಗೆಯ ಹುಡುಗಿಯರ ನೆನಪಿಗಾಗಿ ಅದನ್ನು ಕೊಟ್ಟು ಬರಬೇಕೆಂಬದು ಅವರ ಮನಸ್ಸು. ಅಂಥ ಕಾಣಿಕೆಯನ್ನು ತೆಗೆದುಕೊಳ್ಳುವರೋ ಎಂದು ಕೇಳಿ ಪತ್ರ ಬರೆದಿದ್ದೇವೆ, ಉತ್ತರವು ಇನ್ನೂ ಬಂದಿಲ್ಲ. ತೆಗೆದುಕೊಳ್ಳದಿದ್ದರೆ? ‘ಹಾಗೆಯೇ ಹಿಂದಕ್ಕೆ ತರುವೆನು, ಶಾಲೆಯ ಗೋಡೆಗೆ ತೂಗಹಾಕಿರಿ, ಆ ಊರನ್ನು ಕಂಡು ಬಂದ ಬಟ್ಟೆಯಾಯಿತಲ್ಲ’ ಎನ್ನುತ್ತಾರೆ. ಮೂರು ಅಂಚುಗಳು ಮುಗಿದಿವೆ, ನಾಲ್ಕನೆಯದರ ಅರ್ಧವಾಗಿದೆ. ಎಂಟನೆಯ ತರಗತಿಯವರೇ, ಪರೀಕ್ಷೆಯ ನೆವದಿಂದ ಉಳಿದರ್ಧವನ್ನು ನಿಲ್ಲಿಸಬೇಡಿರಿ. ವಿಮಾನವು ನಿಮಗಾಗಿ ಕಾಯುವದಿಲ್ಲ.